ಬಣ್ಣದಕ್ಕನ ಎಡಗೈ

ಇಪ್ಪತ್ತೆರಡು ವರ್ಷಗಳಲ್ಲಿ ಬಣ್ಣದಕ್ಕ ಬೆರೆಸಿದ ಬಣ್ಣ ಒಂದು ಸಲವೂ ವಾಪಸು ಬಂದಿರಲಿಲ್ಲ. ಈ ಮಾತನ್ನು ಬೇರೆಯವರು ಹೇಳುವ ಅಗತ್ಯವೇ ಇರಲಿಲ್ಲ, ಅವಳೇ ದಿನಕ್ಕೆರಡು ಸಲ ಹೇಳಿಕೊಳ್ಳುತ್ತಿದ್ದಳು. ಹಾಗಾಗಿ ಆ ಬುಧವಾರ ಬೆಳಿಗ್ಗೆ ಪ್ರೆಸ್ಸಿನ ಬಾಗಿಲಿಗೆ ಲಾರಿ ಬಂದು ನಿಂತು, ಹದಿನೈದು ದಿನದ ಹಿಂದಷ್ಟೇ ಕಳಿಸಿದ್ದ ಇಪ್ಪತ್ತು ಸಾವಿರ ಡಬ್ಬಿಗಳನ್ನು ಕಟ್ಟುಕಟ್ಟಾಗಿ ಇಳಿಸತೊಡಗಿದಾಗ ಅವಳು ಮೊದಲು ತರಾಟೆಗೆ ತೆಗೆದುಕೊಂಡದ್ದು ಲಾರಿಯವನನ್ನು.

"ಏನಪ್ಪಾ, ದಾರಿ ತಪ್ಪಿ ಬಂದ್ಯಾ? ಇದು ನಮ್ಮಿಂದ ಹೋಗಿರೋ ಮಾಲು, ನಮಗೆ ಬರೋ ಮಾಲಲ್ಲ."

ಲಾರಿಯವನು ಚೀಟಿ ಮುಂದೆ ಹಿಡಿದ. ಅದರಲ್ಲಿ ಒಂದೇ ಸಾಲಿತ್ತು. ಬಣ್ಣ ಕಪ್ಪಾಗಿದೆ, ಮಾಲು ತಿರಸ್ಕರಿಸಲಾಗಿದೆ.

ಅದು ರಟ್ಟಿನ ಡಬ್ಬಿಗಳನ್ನು ಮುದ್ರಿಸುವ ಪ್ರೆಸ್ಸು. ಔಷಧಿ, ಸೋಪು, ಬಲ್ಬು, ಯಾವುದರ ಡಬ್ಬಿ ಬೇಕಾದರೂ ಅಲ್ಲಿ ಅಚ್ಚಾಗುತ್ತಿತ್ತು. ಹಿಂದಿನ ಕೋಣೆಯಲ್ಲಿ ಉತ್ತರದ ಕಿಟಕಿಯ ಕೆಳಗೆ ದಪ್ಪ ಗಾಜಿನ ಹಲಗೆ ಹಾಕಿದ ಮೇಜು, ಅದರ ಮುಂದೆ ಒಂದು ಎತ್ತರದ ಕುರ್ಚಿ. ಆ ಕುರ್ಚಿ ಬಣ್ಣದಕ್ಕನದು. ಚಪ್ಪಟೆ ಚಾಕುವಿನಿಂದ ಡಬ್ಬದೊಳಗಿನ ಇಂಕು ತೆಗೆದು, ಗಾಜಿನ ಮೇಲೆ ಅರೆದು, ಗಿರಾಕಿ ಕೇಳಿದ ಬಣ್ಣಕ್ಕೆ ತರುವುದು ಅವಳ ಕೆಲಸ. ಅವಳಿಗಿಂತ ಹತ್ತು ವರ್ಷ ದೊಡ್ಡವರಾದ ಯಜಮಾನರೂ ಅವಳನ್ನು ಬಣ್ಣದಕ್ಕ ಎಂದೇ ಕರೆಯುತ್ತಿದ್ದರು. ಅವಳ ಸ್ವಂತ ಹೆಸರು ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ.

ವಾಪಸು ಬಂದ ಡಬ್ಬಿ ಗಾಯಕ್ಕೆ ಅಂಟಿಸುವ ಪಟ್ಟಿಗಳದು. ಇಪ್ಪತ್ತೆರಡು ವರ್ಷದ ಹಿಂದೆ ಆ ಕಂಪನಿಯವರು ಮೊದಲ ಸಲ ಬಂದು, "ಡಬ್ಬಿ ಮೈಬಣ್ಣದ್ದಿರಲಿ" ಅಂದಾಗ ಯಜಮಾನರು, "ಯಾರ ಮೈಬಣ್ಣ ಸ್ವಾಮಿ?" ಎಂದು ಕೇಳಿದ್ದರು. ಆಗಷ್ಟೇ ಕೆಲಸಕ್ಕೆ ಸೇರಿದ್ದ ಹುಡುಗಿ ಯಾರೂ ಕೇಳದಿದ್ದರೂ ತನ್ನ ಎಡಗೈ ಮುಂದೆ ಚಾಚಿ, "ಇದು" ಅಂದಿದ್ದಳು. ಅವರಿಗೆ ಅದು ಹಿಡಿಸಿತು. ಆವತ್ತಿನಿಂದ ಆ ಡಬ್ಬಿಯ ಬಣ್ಣಕ್ಕೆ ಅವಳ ಎಡಗೈಯ ಹಿಂಬದಿಯೇ ಅಳತೆ. ಹಳೆಯ ಡಬ್ಬಿಯ ಪಕ್ಕ ಇಟ್ಟು ನೋಡುವುದು ಅವಳಿಗೆ ಸರಿಬರುತ್ತಿರಲಿಲ್ಲ. ಡಬ್ಬಿಯ ಮೇಲಿನ ಇಂಕು ಒಣಗಿರುತ್ತದೆ, ಅದರ ಮೇಲೆ ವಾರ್ನಿಶ್ ಬಳಿದಿರುತ್ತದೆ. ಗಾಜಿನ ಮೇಲಿನದು ಹಸಿ ಇಂಕು. ಎರಡನ್ನೂ ಹೋಲಿಸಿ ಎಷ್ಟೋ ಜನ ಮುಗ್ಗರಿಸಿದ್ದನ್ನು ಅವಳು ನೋಡಿದ್ದಳು. ಅವಳದು ಸರಳ ಲೆಕ್ಕ. ಬೆರೆಸಿದ ಇಂಕನ್ನು ಬೆರಳ ತುದಿಯಲ್ಲಿ ಕೈಯ ಹಿಂಬದಿಗೆ ತೆಳ್ಳಗೆ ತೀಡಬೇಕು. ಸರಿಯಾದ ಬಣ್ಣವಾದರೆ ಅದು ಕೈಮೇಲೆ ಕಾಣಲೇಬಾರದು.

ಕಳೆದ ಸಲವೂ ಕಂಡಿರಲಿಲ್ಲ. ಅದಕ್ಕೇ ಅವಳಿಗೆ ಮೈಯೆಲ್ಲಾ ಉರಿದುಹೋಯಿತು.

"ನೋಡಕ್ಕಾ," ಯಜಮಾನರು ತಮ್ಮ ಕೋಣೆಗೆ ಕರೆದು ಎರಡು ಡಬ್ಬಿಗಳನ್ನು ಮೇಜಿನ ಮೇಲಿಟ್ಟರು. "ಇದು ಹೋದ ವರ್ಷದ್ದು, ಇದು ಈಗಿನದು. ಕುರುಡನಿಗೂ ಗೊತ್ತಾಗತ್ತೆ."

ಗೊತ್ತಾಗುತ್ತಿತ್ತು. ಹೊಸ ಡಬ್ಬಿ ಎರಡು ಪಟ್ಟು ಕಂದಾಗಿತ್ತು, ಒಳಗೊಂದು ಹಳದಿ ಛಾಯೆಯೂ ಇತ್ತು. ಬಣ್ಣದಕ್ಕ ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದಳು. ತಿರುಗಿಸಿದಳು.

"ಹಳೇದು ಬಿಸಿಲಿಗೆ ಬಿದ್ದು ಪೇಲವ ಆಗಿರತ್ತೆ," ಎಂದಳು ಕೊನೆಗೆ.

"ಅವರು ಮುಚ್ಚಿದ ಲಕೋಟೆಯಲ್ಲಿ ಇಟ್ಟಿರೋ ಮಾದರಿಗೂ ಇದಕ್ಕೂ ಕೂಡ್ತಿಲ್ಲವಂತೆ." ಯಜಮಾನರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಅವರು ಒಳ್ಳೆಯ ಮನುಷ್ಯ, ಕಟುವಾದ ಮಾತು ಆಡುವ ಮೊದಲು ಯಾವಾಗಲೂ ಕನ್ನಡಕ ತೆಗೆಯುತ್ತಿದ್ದರು. "ಸೋಮವಾರ ಅವರ ಖರೀದಿ ಅಧಿಕಾರಿ ಖುದ್ದಾಗಿ ಬರ್ತಾರೆ. ಅವರ ಎದುರಿಗೇ ಬಣ್ಣ ಕೂಡಬೇಕು. ಕೂಡದಿದ್ರೆ ಇನ್ಮೇಲೆ ಬೆರೆಸಿದ ಇಂಕನ್ನೇ ಹೊರಗಿಂದ ತರಿಸ್ತೀನಿ. ಡಬ್ಬ ತೆಗೆದು ಮೆಷಿನ್ನಿಗೆ ಸುರಿದ್ರೆ ಆಯ್ತು. ನೀವು ಪ್ಯಾಕಿಂಗ್ ನೋಡ್ಕೊಳ್ಳಿ ಅಕ್ಕಾ. ಕೆಲಸದಿಂದ ಯಾರೂ ತೆಗೆಯಲ್ಲ. ವಯಸ್ಸಾದ ಮೇಲೆ ಕಣ್ಣು ಮಂದ ಆಗೋದು ಸಹಜ."

ನಲವತ್ತೈದಕ್ಕೆ ವಯಸ್ಸಾಯಿತೇ? ಬಣ್ಣದಕ್ಕ ಹೊರಗೆ ಬಂದಳು. ಅವಳು ಸುಮ್ಮನೆ ಬಂದದ್ದು ಕಂಡು ಮೆಷಿನ್ ನಡೆಸುವ ಗುಡುಗಣ್ಣ ಮೆಷಿನ್ನನ್ನೇ ನಿಲ್ಲಿಸಿಬಿಟ್ಟ. ಮೂವತ್ತು ವರ್ಷ ಮೆಷಿನ್ನಿನ ಸದ್ದಿನಲ್ಲಿ ನಿಂತು ನಿಂತು ಅವನಿಗೆ ಕಿವಿ ಅರ್ಧ ಹೋಗಿತ್ತು. ಗುಟ್ಟು ಹೇಳಿದರೂ ಬೀದಿಯ ಆ ತುದಿಗೆ ಕೇಳುವಂಥ ಗಂಟಲು.

"ಏನಂದ್ರು?" ಎಂದು ಗುಡುಗಿದ.

"ನನ್ನ ಕಣ್ಣು ಹೋಗಿದೆಯಂತೆ."

ಹಾಗೆ ಹೇಳಿದವಳು ತನ್ನ ಮಾತಿಗೆ ತಾನೇ ಹೆದರಿದಳು. ಮದುವೆ ಬೇಡ ಅಂದಾಗಲೂ, ಅಮ್ಮ ತೀರಿಕೊಂಡಾಗಲೂ ಅವಳು ಇಷ್ಟು ಹೆದರಿರಲಿಲ್ಲ. ಕೆಂಪಿನಲ್ಲಿ ನಲವತ್ತು ಬಗೆ ಕಾಣುವ ಕಣ್ಣು ಬಿಟ್ಟರೆ ತನ್ನದು ಎಂದು ಹೇಳಿಕೊಳ್ಳುವುದಕ್ಕೆ ಅವಳ ಹತ್ತಿರ ಬೇರೇನಿತ್ತು? ಪ್ಯಾಕಿಂಗ್ ಕೋಣೆಯಲ್ಲಿ ಕಿಟಕಿಯೇ ಇರಲಿಲ್ಲ.

ಅವಳ ಮೈಯೂ ಕೆಲವು ತಿಂಗಳಿಂದ ಅಷ್ಟಕ್ಕಷ್ಟೇ ಇತ್ತು. ಸೀರೆ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಎದ್ದರೆ ವಾಕರಿಕೆ, ಕೂತು ಎದ್ದರೆ ತಲೆಸುತ್ತು, ಮೂರು ಮೆಟ್ಟಿಲು ಹತ್ತಿದರೆ ಮಂಡಿಯಲ್ಲಿ ಜೀವವೇ ಇಲ್ಲ. ಎಲ್ಲಕ್ಕೂ ಅವಳ ಹತ್ತಿರ ಒಂದೊಂದು ಕಾರಣ ತಯಾರಿತ್ತು. ತೆಳ್ಳಗಾದದ್ದು ಒಳ್ಳೆಯದೇ ಆಯಿತು, ವಾಕರಿಕೆ ಇಂಕಿನ ವಾಸನೆಗೆ, ಸುಸ್ತು ಬೇಸಿಗೆಗೆ. ಉಪ್ಪು ತಿನ್ನುವ ಚಟವೊಂದು ಹೊಸದಾಗಿ ಅಂಟಿಕೊಂಡಿತ್ತು. ಚಾಕುಗಳ ಜೊತೆಗೆ ಡ್ರಾಯರಿನಲ್ಲಿ ಉಪ್ಪಿನ ಡಬ್ಬಿ ಇಟ್ಟುಕೊಂಡು, ಯಾರೂ ನೋಡದಾಗ ಚಿಟಿಕೆ ಚಿಟಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

ಮನೆಯಲ್ಲಿದ್ದದ್ದು ಅವಳು ಮತ್ತು ಅವಳ ತಂಗಿ. ತಂಗಿ ಶಾಲೆಯಲ್ಲಿ ಲೆಕ್ಕದ ಟೀಚರ್. ಹತ್ತು ವರ್ಷದಿಂದ ಥೈರಾಯ್ಡಿನ ಮಾತ್ರೆ ನುಂಗುತ್ತಿದ್ದ ಅವಳಿಗೆ ಅಕ್ಕ ಇಟ್ಟ ಅಡ್ಡಹೆಸರು ಮಾತ್ರೆಡಬ್ಬಿ. ತಂಗಿ ದಿನಾ ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ಮಾತ್ರೆ ನುಂಗಿ, ಗಡಿಯಾರ ನೋಡಿ ಅರ್ಧ ಗಂಟೆ ಕಾಯುವುದನ್ನು ಕಂಡು ಅಕ್ಕ ನಗುತ್ತಿದ್ದಳು.

"ಡಾಕ್ಟರ್ ಹತ್ರ ಹೋಗೋಣ ಬಾರೇ," ಎಂದು ತಂಗಿ ಕಾಡಿದರೆ, "ಮನೆಗೆ ಒಂದು ಮಾತ್ರೆಡಬ್ಬಿ ಸಾಕು ಕಣೇ," ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಗುರುವಾರ ಮಾತ್ರ ಅವಳು ತಾನಾಗಿಯೇ ಡಾಕ್ಟರ ಹತ್ತಿರ ಹೋದಳು. ಕಣ್ಣಿನ ಡಾಕ್ಟರ ಹತ್ತಿರ. ಅವರು ಬಣ್ಣಬಣ್ಣದ ಚುಕ್ಕೆಗಳ ನಡುವೆ ಅಂಕಿ ಅಡಗಿಸಿದ ಪುಸ್ತಕ ತೆರೆದು ಒಂದೊಂದೇ ಪುಟ ತೋರಿಸಿದರು. ಬಣ್ಣದಕ್ಕ ಪಟಪಟನೆ ಎಲ್ಲ ಅಂಕಿಗಳನ್ನೂ ಹೇಳಿದಳು. ಹೇಳಿ ಸುಮ್ಮನಿರಲಿಲ್ಲ.

"ಈ ಏಳನೇ ಪುಟ ಸರಿಯಾಗಿ ಅಚ್ಚಾಗಿಲ್ಲ ಡಾಕ್ಟ್ರೇ. ಹಸಿರಲ್ಲಿ ನೀಲಿ ಜಾಸ್ತಿ ಬಿದ್ದಿದೆ. ಬೇರೆ ಪುಸ್ತಕ ತರಿಸ್ಕೊಳ್ಳಿ."

ಡಾಕ್ಟರು ಪುಸ್ತಕವನ್ನೂ ಅವಳನ್ನೂ ಒಮ್ಮೆ ನೋಡಿದರು. "ಅಮ್ಮಾ, ನಿಮ್ಮ ಕಣ್ಣಿಗೆ ಏನೂ ಆಗಿಲ್ಲ. ನನ್ನ ಕಣ್ಣು ನೀವು ಪರೀಕ್ಷೆ ಮಾಡೋದು ಒಳ್ಳೇದು."

ಅವಳು ಬೀಗುತ್ತಾ ಹೊರಗೆ ಬಂದಳು. ಬಾಗಿಲ ಮೆಟ್ಟಿಲಲ್ಲಿ ಕಣ್ಣು ಕತ್ತಲೆಗಟ್ಟಿ ಗೋಡೆ ಹಿಡಿದು ಐದು ನಿಮಿಷ ನಿಂತಳು. ಆದರೂ ಖುಷಿಯೇ ಆಗಿತ್ತು. ಕಣ್ಣು ಸರಿ ಇದೆ ಎಂದಮೇಲೆ ತಪ್ಪು ಡಬ್ಬಿಯದೇ. ಹಳೆಯದು ಪೇಲವವಾಗಿದೆ, ಕಂಪನಿಯ ಲಕೋಟೆಯೊಳಗಿನದೂ ಪೇಲವವಾಗಿದೆ, ಇದನ್ನು ರುಜುವಾತು ಮಾಡಿ ಎಲ್ಲರ ಮುಖಕ್ಕೆ ಹಿಡಿಯಬೇಕು. ಶುಕ್ರವಾರ ಬೆಳಿಗ್ಗೆ ಪ್ರೆಸ್ಸಿಗೆ ಬಂದವಳೇ ಗುಡುಗಣ್ಣನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು.

"ನಿನ್ನ ಕರೀ ಲಕೋಟೆ ತೆಗಿ."

ಪ್ರತಿ ಸಲ ಅಚ್ಚಿನ ಮೊದಲ ಹಾಳೆಯನ್ನು ಕಪ್ಪು ಕಾಗದದ ಲಕೋಟೆಯಲ್ಲಿ ಹಾಕಿ, ತಾರೀಖು ಬರೆದು ಕಬ್ಬಿಣದ ಬೀರುವಿನಲ್ಲಿ ಇಡುವುದು ಗುಡುಗಣ್ಣನ ಕ್ರಮ. ಅದಕ್ಕೆ ಬೆಳಕು ತಾಗುವುದಿಲ್ಲ, ವಾರ್ನಿಶ್ಶೂ ಇರುವುದಿಲ್ಲ. ಆ ಬೀರುವಿನ ಬೀಗದಕೈ ಅವನು ಹೆಂಡತಿಗೂ ಕೊಡುತ್ತಿರಲಿಲ್ಲ. ಬಣ್ಣದಕ್ಕನೂ ಅವನೂ ಇಪ್ಪತ್ತೆರಡು ವರ್ಷದಿಂದ ಹಾವು ಮುಂಗುಸಿ. ಇಂಕು ತೆಳ್ಳಗಾಯಿತು ಎಂದು ಅವನು, ಮೆಷಿನ್ ಸರಿಯಾಗಿ ತೊಳೆದಿಲ್ಲ ಎಂದು ಅವಳು. ಆದರೆ ಬೀರು ತೆಗೆಯುವಾಗ ಅವನು ಕಿಟಕಿಯ ಪರದೆ ಎಳೆದು, ಹೋದ ವರ್ಷದ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ಅವಳ ಮೇಜಿನ ಮೇಲಿಟ್ಟ.

ಹಾಳೆ ಹೋದ ವರ್ಷದ ಡಬ್ಬಿಯ ಹಾಗೆಯೇ ಇತ್ತು. ಒಂದಿಷ್ಟೂ ಪೇಲವವಾಗಿರಲಿಲ್ಲ.

"ಡಬ್ಬಿ ಸರಿಯಾಗೇ ಇದೆಯಲ್ಲೇ ತಾಯೀ," ಎಂದ ಗುಡುಗಣ್ಣ. ಅವನ ಮಟ್ಟಿಗೆ ಅದು ಪಿಸುಮಾತು.

ಬಣ್ಣದಕ್ಕ ಕುರ್ಚಿಯಲ್ಲಿ ಕುಸಿದು ಕೂತಳು. ಕಣ್ಣು ಸರಿ. ಡಬ್ಬಿಯೂ ಸರಿ. ಇನ್ನು ಉಳಿದದ್ದೇನು? ಅವಳು ಮೆಲ್ಲನೆ ಎಡಗೈಯನ್ನು ಹಾಳೆಯ ಪಕ್ಕದಲ್ಲಿಟ್ಟಳು. ಹೋದ ವರ್ಷ ಇದೇ ಮೇಜಿನ ಮೇಲೆ, ಇದೇ ಕಿಟಕಿಯ ಬೆಳಕಿನಲ್ಲಿ ಆ ಬಣ್ಣ ಈ ಕೈಮೇಲೆ ಕಾಣದೇ ಹೋಗಿತ್ತು. ಈಗ ಕೈ ಹಾಳೆಗಿಂತ ಎರಡು ಪಟ್ಟು ಕಂದಾಗಿತ್ತು. ಒಳಗೊಂದು ಹಳದಿ ಛಾಯೆಯೂ ಇತ್ತು. ವಾಪಸು ಬಂದ ಡಬ್ಬಿ ತಂದು ಪಕ್ಕದಲ್ಲಿಟ್ಟಳು. ಅದಕ್ಕೂ ಕೈಗೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

"ಕೈ ಬದಲಾಗಿದೆ ಕಣೋ," ಎಂದಳು.

"ಇಂಕು ಹತ್ತಿರತ್ತೆ, ತೊಳ್ಕೋ."

ಅವಳು ಹಿತ್ತಲ ಬಚ್ಚಲಿಗೆ ಹೋಗಿ ಮೊದಲು ಸೀಮೆಎಣ್ಣೆಯಲ್ಲಿ, ಆಮೇಲೆ ಸೋಪಿನಲ್ಲಿ, ಆಮೇಲೆ ಮೆಷಿನ್ ತೊಳೆಯುವ ದ್ರಾವಣದಲ್ಲಿ ಕೈ ತಿಕ್ಕಿದಳು. ಅಂಗೈಯ ಗೆರೆಗಳು ಪೆನ್ನಿನಲ್ಲಿ ಎಳೆದ ಹಾಗೆ ಕಪ್ಪಗಿದ್ದವು. ಬೆರಳ ಗೆಣ್ಣುಗಳೂ ಕಪ್ಪಗಿದ್ದವು. ಹೋದ ಚಳಿಗಾಲದಲ್ಲಿ ಚಾಕು ತಾಗಿ ಆದ ಗಾಯದ ಕಲೆಯೂ ಕಪ್ಪು. ಅದನ್ನೆಲ್ಲ ಇಷ್ಟು ದಿನ ಇಂಕು ಎಂದೇ ಅಂದುಕೊಂಡಿದ್ದಳು. ಬಣ್ಣ ಬೆರೆಸುವವಳ ಕೈಯಲ್ಲಿ ಬಣ್ಣವಿದ್ದರೆ ಯಾರು ತಾನೇ ತಲೆ ಕೆಡಿಸಿಕೊಳ್ಳುತ್ತಾರೆ? ಈಗ ಗಮನವಿಟ್ಟು ನೋಡಿದಳು, ಗಿರಾಕಿಯ ಮಾದರಿ ನೋಡುವ ಹಾಗೆ. ಗೆರೆಯೊಳಗಿನ ಈ ಗಾಢ ಕಂದು ತನ್ನ ಮೇಜಿನ ಮೇಲಿನ ಯಾವ ಡಬ್ಬದ್ದೂ ಅಲ್ಲ. ಈ ವರ್ಷ ಇಂಥ ಬಣ್ಣವನ್ನು ತಾನು ಬೆರೆಸಿಯೇ ಇಲ್ಲ. ಬಚ್ಚಲ ಕನ್ನಡಿಯಲ್ಲಿ ತುಟಿ ಎತ್ತಿ ನೋಡಿದಳು. ಒಸಡಿನ ಮೇಲೂ ಅದೇ ಕಂದು ತೇಪೆ ತೇಪೆಯಾಗಿತ್ತು. ಒಸಡಿಗೆ ಇಂಕು ಹತ್ತುವುದು ಹೇಗೆ?

ಕನ್ನಡಿ ಓರೆಯಾಯಿತು, ಗೋಡೆ ಓರೆಯಾಯಿತು. ಬಾಗಿಲ ಹೊರಗೆ ಗುಡುಗಣ್ಣ ಗುಡುಗಿದ್ದು ಕೇಳಿಸಿತು. ಆಮೇಲೆ ತಣ್ಣನೆಯ ನೆಲ ಕೆನ್ನೆಗೆ ತಾಗಿತು.

ಆಸ್ಪತ್ರೆಯ ತುರ್ತು ಕೋಣೆಯಲ್ಲಿ ಅವಳಿಗೆ ಅರೆಬರೆ ಎಚ್ಚರವಾದಾಗ ಯಾರೋ, "ಬಿಪಿ ಅರವತ್ತರ ಹತ್ರ ಇದೆ," ಎನ್ನುತ್ತಿದ್ದರು. ನರ್ಸ್ ಅವಳ ಎಡಗೈ ಹಿಡಿದು ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಉಜ್ಜುತ್ತಿದ್ದಳು. "ಪ್ರೆಸ್ಸಿನವರಂತೆ, ಕೈಯೆಲ್ಲಾ ಇಂಕು," ಎಂದಳು ನರ್ಸ್. "ಇಂಕಿನ ವಿಷ ಏರಿರಬಹುದಾ?" ಎಂದು ಇನ್ನೊಂದು ದನಿ ಕೇಳಿತು.

ಬಣ್ಣದಕ್ಕನಿಗೆ ನಾಲಿಗೆ ಹೊರಳುತ್ತಿರಲಿಲ್ಲ. ಮತ್ತೆ ಕತ್ತಲೆ ಮುಸುಕುತ್ತಿತ್ತು. ಈಗ ಹೇಳದಿದ್ದರೆ ಹೇಳುವುದಕ್ಕೆ ತಾನೇ ಇರುವುದಿಲ್ಲ ಎಂಬುದು ಅವಳಿಗೆ ಸ್ಪಷ್ಟವಾಗಿ ಹೊಳೆಯಿತು. ಇದ್ದಬದ್ದ ಶಕ್ತಿಯನ್ನೆಲ್ಲ ಕೂಡಿಸಿ ನರ್ಸಿನ ಮಣಿಕಟ್ಟು ಹಿಡಿದಳು.

"ಅದು ಇಂಕಲ್ಲ."

"ಏನಮ್ಮಾ?"

"ಇಂಕಲ್ಲ ಅಂತ ಹೇಳ್ತಿದೀನಿ. ನನಗೆ ಇಂಕು ಗೊತ್ತು. ನನ್ನ ಕೈ ಎರಡು ಪಟ್ಟು ಕಂದಾಗಿದೆ, ಒಂದು ವರ್ಷದಲ್ಲಿ. ಒಸಡು ನೋಡಿ."

ಬಾಗಿಲಲ್ಲಿ ನಿಂತಿದ್ದ ಗುಡುಗಣ್ಣನನ್ನು ತಡೆಯಲು ಕಾವಲಿನವನು ನೋಡಿದ, ಆಗಲಿಲ್ಲ. ಅವನು ಎರಡೂ ಡಬ್ಬಿಗಳನ್ನು ಜೇಬಿಗೆ ತುರುಕಿಕೊಂಡೇ ಬಂದಿದ್ದ. "ಹೋದ ವರ್ಷ ಅವಳ ಕೈ ಈ ಬಣ್ಣ! ಈ ವರ್ಷ ಈ ಬಣ್ಣ! ಅವಳು ಅಳತೆ ತಪ್ಪೋಳಲ್ಲ!" ಎಂದು ಇಡೀ ಆಸ್ಪತ್ರೆಗೇ ಸಾರಿದ.

ಡ್ಯೂಟಿಯಲ್ಲಿದ್ದದ್ದು ಒಬ್ಬ ಎಳೆಯ ಡಾಕ್ಟರಮ್ಮ. ಆಕೆ ಗದರಲಿಲ್ಲ. ಡಬ್ಬಿಗಳನ್ನು ಇಸಿದುಕೊಂಡು ಒಂದನ್ನು ಕೈಯ ಆಚೆ, ಒಂದನ್ನು ಈಚೆ ಇಟ್ಟು ನೋಡಿದರು. ಅಂಗೈ ಬಿಡಿಸಿ ಗೆರೆ ನೋಡಿದರು. ತುಟಿ ಎತ್ತಿ ಟಾರ್ಚ್ ಹಾಕಿದರು. ಅವರ ಮುಖ ಬದಲಾದದ್ದು ಬಣ್ಣದಕ್ಕನಿಗೂ ಕಂಡಿತು.

"ಉಪ್ಪು ತಿನ್ನಬೇಕು ಅನ್ಸತ್ತಾ?" ಎಂದು ಬಗ್ಗಿ ಗಟ್ಟಿಯಾಗಿ ಕೇಳಿದರು.

"ಡ್ರಾಯರಲ್ಲೇ ಇಟ್ಕೊಂಡಿದಾಳೆ!" ಎಂದ ಗುಡುಗಣ್ಣ ಬಾಗಿಲಿಂದ. ಅವನಿಗೆ ಗೊತ್ತಿತ್ತೇ!

"ರಕ್ತ ತೆಗೀರಿ, ಕಾರ್ಟಿಸಾಲ್‌ಗೂ ಕಳಿಸಿ. ಆದ್ರೆ ವರದಿಗೆ ಕಾಯೋದು ಬೇಡ. ಹೈಡ್ರೊಕಾರ್ಟಿಸೋನ್ ಈಗ್ಲೇ ಹಾಕಿ, ಸಲೈನ್ ಜೋರಾಗಿ ಬಿಡಿ," ಎಂದರು ಡಾಕ್ಟರಮ್ಮ. ಅಷ್ಟು ಕೇಳಿಸಿಕೊಂಡು ಬಣ್ಣದಕ್ಕ ನಿಶ್ಚಿಂತೆಯಿಂದ ಕಣ್ಣು ಮುಚ್ಚಿದಳು. ತನ್ನ ಕೆಲಸ ಬಲ್ಲವರ ದನಿ ಅವಳಿಗೆ ಗುರುತು ಸಿಗುತ್ತಿತ್ತು.

ಶನಿವಾರ ಬೆಳಿಗ್ಗೆ ಎದ್ದಾಗ ಅವಳಿಗೆ ಹಸಿವಾಗಿತ್ತು. ಎಂಟು ತಿಂಗಳಲ್ಲಿ ಮೊದಲ ಸಲ ಹಸಿವು! ಮಂಚದ ಪಕ್ಕದಲ್ಲಿ ತಂಗಿ ಅತ್ತು ಅತ್ತು ಮೂಗು ಕೆಂಪು ಮಾಡಿಕೊಂಡು ಕೂತಿದ್ದಳು. ಡಾಕ್ಟರಮ್ಮ ಬಂದು ಸ್ಟೂಲು ಎಳೆದುಕೊಂಡರು.

"ಮೂತ್ರಪಿಂಡಗಳ ಮೇಲೆ ಟೋಪಿ ಇಟ್ಟ ಹಾಗೆ ಎರಡು ಸಣ್ಣ ಗ್ರಂಥಿಗಳಿವೆ. ಅಡ್ರಿನಲ್ ಅಂತಾರೆ. ಮೈಯಲ್ಲಿ ಉಪ್ಪು ಹಿಡಿದಿಡೋದು, ಬಿಪಿ ಬೀಳದ ಹಾಗೆ ನೋಡ್ಕೊಳ್ಳೋದು, ಕಾಯಿಲೆ ಕಷ್ಟ ಬಂದಾಗ ತಡ್ಕೊಳ್ಳೋ ತಾಕತ್ತು ಕೊಡೋದು, ಇದಕ್ಕೆಲ್ಲ ಬೇಕಾದ ಹಾರ್ಮೋನು ಅಲ್ಲಿಂದ ಬರತ್ತೆ. ನಿಮ್ಮದು ಎರಡೂ ಹೆಚ್ಚುಕಮ್ಮಿ ಕೆಲಸ ನಿಲ್ಲಿಸಿವೆ."

"ಯಾರು ನಿಲ್ಲಿಸಿದ್ದು?"

"ನೀವೇ." ಡಾಕ್ಟರಮ್ಮ ನಕ್ಕರು. "ಅಂದ್ರೆ ನಿಮ್ಮ ಮೈಯ ಕಾವಲಿನವರು. ಹೊರಗಿನ ರೋಗ ಬಂದ್ರೆ ಬಡಿದು ಓಡಿಸೋಕೆ ಅಂತ ರಕ್ತದಲ್ಲಿ ಒಂದು ಪಡೆ ಇರತ್ತೆ. ಕೆಲವರಲ್ಲಿ ಅದಕ್ಕೆ ಗುರುತು ತಪ್ಪತ್ತೆ. ಸ್ವಂತ ಗ್ರಂಥಿಯನ್ನೇ ಶತ್ರು ಅಂದ್ಕೊಂಡು ಮುಗಿಬೀಳತ್ತೆ. ಕ್ಷಯರೋಗದಿಂದಲೂ ಹೀಗಾಗೋದುಂಟು, ಅದಕ್ಕೇ ಸ್ಕ್ಯಾನ್ ಮಾಡಿಸಿದೆ. ಅದರ ಗುರುತಿಲ್ಲ. ಇದು ಆ ಪಡೆಯದೇ ಕೆಲಸ ಅಂತ ಖಚಿತ ಮಾಡೋ ರಕ್ತಪರೀಕ್ಷೆ ಬರೋಕೆ ವಾರ ಹಿಡಿಯತ್ತೆ, ಆದ್ರೆ ನನಗೆ ಅನುಮಾನ ಇಲ್ಲ."

"ಕೈ ಯಾಕೆ ಕಪ್ಪಾಯ್ತು?" ಬಣ್ಣದಕ್ಕನಿಗೆ ಬೇಕಾಗಿದ್ದದ್ದು ಅದು.

"ಗ್ರಂಥಿ ಕೆಲಸ ಮಾಡ್ತಿಲ್ಲ ಅಂತ ಮಿದುಳಿನ ಬುಡದಿಂದ ಹುಕುಂ ಮೇಲೆ ಹುಕುಂ ಹೋಗ್ತಾನೇ ಇರತ್ತೆ. ಆ ಹುಕುಂ ಚರ್ಮದ ಬಣ್ಣದ ಕಣಗಳಿಗೂ ತಾಗತ್ತೆ. ಅವು ಪಾಪ, ತಮಗೇ ಹೇಳಿದ್ದು ಅಂದ್ಕೊಂಡು ಬಣ್ಣ ಮಾಡ್ತಾ ಕೂರ್ತವೆ. ಮಾತ್ರೆ ತಗೊಳ್ತಾ ಹೋದ್ರೆ ಕೆಲವು ತಿಂಗಳಲ್ಲಿ ತಿಳಿಯಾಗತ್ತೆ. ಮಾತ್ರೆ ಮಾತ್ರ ಜೀವನಪೂರ್ತಿ. ದಿನಾ. ಜ್ವರ ಬಂದ್ರೆ ಎರಡರಷ್ಟು, ವಾಂತಿಯಾಗಿ ಮಾತ್ರೆ ನಿಲ್ಲದಿದ್ರೆ ಇಂಜೆಕ್ಷನ್. ಒಂದು ದಿನವೂ ಬಿಡೋ ಹಾಗಿಲ್ಲ. ಬಿಟ್ರೆ ಮತ್ತೆ ಬಚ್ಚಲಲ್ಲಿ ಬೀಳ್ತೀರಿ, ಆಗ ಡಬ್ಬಿ ತರೋಕೆ ಯಾರಿರ್ತಾರೋ ಗೊತ್ತಿಲ್ಲ."

"ಅಂದ್ರೆ ಕಣ್ಣು ಸರಿ ಇದೆ."

"ಕಣ್ಣೇ ನಿಮ್ಮನ್ನ ಉಳಿಸಿದ್ದು."

ಬಣ್ಣದಕ್ಕ ದಿಂಬಿಗೆ ತಲೆಯಾನಿಸಿ ಜೋರಾಗಿ ನಕ್ಕಳು. ಪಕ್ಕದ ಮಂಚದವರು ತಿರುಗಿ ನೋಡಿದರು. ಸಾವಿನ ಬಾಯಿಂದ ಬಂದವಳಿಗೆ ಕಾಯಿಲೆಯ ಹೆಸರು ಕೇಳಿ ಇಷ್ಟು ಸಂತೋಷವಾದದ್ದನ್ನು ಡಾಕ್ಟರಮ್ಮ ಹಿಂದೆಂದೂ ನೋಡಿರಲಿಕ್ಕಿಲ್ಲ. ನಿತ್ರಾಣವಾಗಿದ್ದದ್ದು ಎರಡು ಸಣ್ಣ ಗ್ರಂಥಿ, ತನ್ನ ಕಣ್ಣಲ್ಲ. ಅಷ್ಟಾದರೆ ಮಿಕ್ಕಿದ್ದಕ್ಕೆ ಮಾತ್ರೆ ಇದೆ.

"ಮನೆಯಲ್ಲಿ ಇನ್ಯಾರಿಗಾದ್ರೂ ಈ ಥರದ್ದು? ಥೈರಾಯ್ಡು, ಸಕ್ಕರೆ ಕಾಯಿಲೆ, ಚರ್ಮದ ಮೇಲೆ ಬಿಳಿ ಮಚ್ಚೆ?" ಎಂದರು ಡಾಕ್ಟರಮ್ಮ ಏಳುತ್ತಾ.

ತಂಗಿ ಪಾಠದ ನಡುವೆ ಸಿಕ್ಕಿಬಿದ್ದ ವಿದ್ಯಾರ್ಥಿಯ ಹಾಗೆ ಮೆಲ್ಲಗೆ ಕೈ ಎತ್ತಿದಳು. "ನನಗೆ ಥೈರಾಯ್ಡು."

"ಹಾಂ. ಅದೂ ಇದೇ ಪಡೆಯ ಕೆಲಸವೇ ಇರಬೇಕು. ಅಲ್ಲಿ ಒಂದು ಗ್ರಂಥಿ, ಇಲ್ಲಿ ಇನ್ನೊಂದು. ಒಂದೇ ಮನೆತನದಲ್ಲಿ ಇವು ಕಾಣಿಸ್ಕೊಳ್ಳೋದುಂಟು. ಅಕ್ಕನಿಗೂ ಥೈರಾಯ್ಡ್ ಪರೀಕ್ಷೆ ಮಾಡ್ತೀನಿ, ನಿಮ್ಮ ರಕ್ತವನ್ನೂ ಒಮ್ಮೆ ನೋಡೋಣ."

ಅವರು ಅತ್ತ ಹೋದದ್ದೇ ತಂಗಿಯ ಕಟ್ಟೆ ಒಡೆಯಿತು. "ನಮ್ಮ ರಕ್ತವೇ ಕೆಟ್ಟದ್ದು ಕಣೇ. ಅಮ್ಮನ ಕಡೆಯಿಂದ ಬಂದಿರೋದು. ಅಮ್ಮನೂ ಕೊನೆಗೆ ಹೀಗೇ ಸೊರಗಿ ಸೊರಗಿ ಹೋದಳಲ್ಲ, ಏನು ಅಂತ ಯಾರಿಗೂ ಗೊತ್ತಾಗ್ಲೇ ಇಲ್ಲ. ನಮಗೆ ಅವಳು ಬಿಟ್ಟು ಹೋಗಿದ್ದು ಇದೊಂದೇ."

ಬಣ್ಣದಕ್ಕ ಹೊದಿಕೆಯ ಅಂಚಿನಿಂದ ತಂಗಿಯ ಕಣ್ಣು ಒರೆಸಿದಳು. "ಇರಲಿ ಬಿಡು," ಎಂದಳು. "ಇನ್ಮೇಲೆ ಮನೆಗೆ ಎರಡು ಮಾತ್ರೆಡಬ್ಬಿ." ತಂಗಿ ಅಳುತ್ತಲೇ ನಕ್ಕಳು, ಆದರೆ ಆ ನಗು ಮುಖದಲ್ಲಿ ನಿಲ್ಲಲಿಲ್ಲ.

ಸೋಮವಾರದ ಮಾತನ್ನು ಬಣ್ಣದಕ್ಕ ಮರೆತಿರಲಿಲ್ಲ. ಗುಡುಗಣ್ಣನ ಕೈಯಲ್ಲಿ ಯಜಮಾನರಿಗೆ ಹೇಳಿ ಕಳಿಸಿದಳು. ಖರೀದಿ ಅಧಿಕಾರಿ ಇಲ್ಲಿಗೇ ಬರಲಿ, ಬಣ್ಣ ಇಲ್ಲೇ ಕೂಡುತ್ತದೆ. ಯಜಮಾನರು ಬೇಡವೆಂದು ಎಷ್ಟು ಹೇಳಿದರೂ ಕೇಳಲಿಲ್ಲ.

ಸೋಮವಾರ ಹನ್ನೊಂದು ಗಂಟೆಗೆ ಮೂವರೂ ಆಸ್ಪತ್ರೆಗೆ ಬಂದರು. ಖರೀದಿ ಅಧಿಕಾರಿ ಸಣಕಲು ಮನುಷ್ಯ. ಅಂಗಿಯ ಕಾಲರಿಗೂ ಕುತ್ತಿಗೆಗೂ ಸಂಬಂಧವೇ ಇರಲಿಲ್ಲ. ಕಂಕುಳಲ್ಲಿ ಮತ್ತೆ ಅರಗಿನ ಮುದ್ರೆಯೊತ್ತಿ ಮುಚ್ಚಿದ ಮಾದರಿಯ ಲಕೋಟೆ. ಗುಡುಗಣ್ಣ ಚೀಲದಿಂದ ಗಾಜಿನ ಹಲಗೆ, ಚಾಕು ಮತ್ತು ಸಣ್ಣ ಸಣ್ಣ ಡಬ್ಬಗಳನ್ನು ತೆಗೆದು ಊಟದ ತಟ್ಟೆ ಇಡುವ ಮೇಜಿನ ಮೇಲೆ ಸಾಲಾಗಿ ಇಟ್ಟ. ಭಾನುವಾರ ಇಡೀ ದಿನ ಪ್ರೆಸ್ಸಿನಲ್ಲಿ ಒಬ್ಬನೇ ಕೂತು, ಕರೀ ಲಕೋಟೆಯ ಹಾಳೆ ನೋಡಿ ಮೂರು ಬಗೆಯಾಗಿ ಬೆರೆಸಿ ತಂದಿದ್ದ.

"ಮೂರೂ ಒಂದೇ ಥರ ಕಾಣ್ತಿದೆ," ಎಂದು ಒಪ್ಪಿಕೊಂಡ. ಇಪ್ಪತ್ತೆರಡು ವರ್ಷದಲ್ಲಿ ಅವನು ಅವಳ ಮುಂದೆ ಏನನ್ನಾದರೂ ಒಪ್ಪಿಕೊಂಡದ್ದು ಅದೇ ಮೊದಲು.

"ನಿನಗೆ ಕಾಣತ್ತೆ. ಮೂರೂ ಬೇರೆ ಬೇರೆ."

ಅಷ್ಟು ಹೇಳಿದಳು ನಿಜ. ಆದರೆ ಮೂರರಲ್ಲಿ ಯಾವುದು? ಅಭ್ಯಾಸಬಲದಿಂದ ಬೆರಳ ತುದಿಗೆ ಇಂಕು ತೆಗೆದುಕೊಂಡು ಎಡಗೈಯತ್ತ ಒಯ್ದವಳು ಅರ್ಧದಲ್ಲೇ ನಿಂತಳು. ಅಲ್ಲಿ ಸೂಜಿ ಚುಚ್ಚಿ ಪ್ಲಾಸ್ಟರ್ ಹಾಕಿದ್ದರು. ಅದಿರಲಿ, ಆ ಕೈಯನ್ನು ಈಗ ಕೇಳುವ ಹಾಗಿರಲಿಲ್ಲ, ಅದು ಹೇಳುವುದು ಈ ವರ್ಷದ ಮಾತು. ಅವಳಿಗೆ ಬೇಕಾಗಿದ್ದದ್ದು ಹೋದ ವರ್ಷದ ಕೈ. ಖರೀದಿ ಅಧಿಕಾರಿ ಗಡಿಯಾರ ನೋಡಿಕೊಂಡರು. ಯಜಮಾನರು ಕನ್ನಡಕ ತೆಗೆದರು. ಕಿಟಕಿಯಿಲ್ಲದ ಪ್ಯಾಕಿಂಗ್ ಕೋಣೆ ಬಣ್ಣದಕ್ಕನ ಕಣ್ಣ ಮುಂದೆ ಬಂತು.

ಅಷ್ಟರಲ್ಲಿ ತಂಗಿ, ಅಕ್ಕನ ಹಣೆಯ ಬೆವರು ಒರೆಸಲು ಕರವಸ್ತ್ರ ಹಿಡಿದು ಮುಂದೆ ಬಾಗಿದಳು. ಕಿಟಕಿಯ ಬೆಳಕು ಅವಳ ಕೈಮೇಲೆ ಬಿತ್ತು.

"ಅಲ್ಲೇ ಇರು!" ಎಂದಳು ಬಣ್ಣದಕ್ಕ. "ಕೈ ಇಲ್ಲಿ ಕೊಡು. ಎಡಗೈ."

"ನಂದ್ಯಾಕೆ?"

"ಕೊಡೇ ಅಂದ್ರೆ."

ತಂಗಿಯ ಕೈಯನ್ನು ಬಿಳಿ ಹೊದಿಕೆಯ ಮೇಲೆ ಅಂಗಾತ ಅಲ್ಲ, ಬೋರಲು ಇಟ್ಟಳು. ನಲವತ್ತು ವರ್ಷ ಒಂದೇ ಮನೆಯಲ್ಲಿದ್ದರೂ ಆ ಕೈಯನ್ನು ಹೀಗೆ ಒಮ್ಮೆಯೂ ನೋಡಿರಲಿಲ್ಲ. ಮೊದಲ ಇಂಕು ತೀಡಿದಳು, ಕೆಂಪಗೆ ಎದ್ದು ಕಂಡಿತು. ಎರಡನೆಯದು ತೀಡಿದಳು, ಬೂದಿ ಬಳಿದ ಹಾಗಿತ್ತು. ಮೂರನೆಯದು ತೀಡಿ ಕಣ್ಣು ಕಿರಿದು ಮಾಡಿದಳು. ಕಂಡೂ ಕಾಣದ ಹಾಗೆ ಅಂಚು ಮಾತ್ರ ಉಳಿದಿತ್ತು.

"ಇದು. ಆದ್ರೆ ಚಾಕುವಿನ ತುದಿಯಷ್ಟು ಹಳದಿ ಕಮ್ಮಿ ಬಿದ್ದಿದೆ. ಗುಡುಗಣ್ಣಾ, ಹಾಕು. ಅಷ್ಟಲ್ಲ, ಅದರಲ್ಲಿ ಅರ್ಧ. ಚೆನ್ನಾಗಿ ಅರಿ."

ಗುಡುಗಣ್ಣ ಹೇಳಿದಷ್ಟೇ ಹಾಕಿ ಅರೆದ. ಬಣ್ಣದಕ್ಕ ಬೆರಳಲ್ಲಿ ತೆಗೆದು, ತಂಗಿಯ ಗೆಣ್ಣಿನಿಂದ ಮಣಿಕಟ್ಟಿನವರೆಗೆ ಉದ್ದಕ್ಕೆ ಎಳೆದಳು. ಎಳೆದ ಬಣ್ಣ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಹಸಿ ಇಂಕಿನ ಹೊಳಪು ಬಿಟ್ಟರೆ ಅಲ್ಲಿ ಇದ್ದದ್ದು ಬರಿ ಕೈ.

"ಈಗ ತೆಗೀರಿ ಸ್ವಾಮಿ ನಿಮ್ಮ ಲಕೋಟೆ."

ಅರಗು ಒಡೆಯಿತು. ಖರೀದಿ ಅಧಿಕಾರಿ ಇಪ್ಪತ್ತೆರಡು ವರ್ಷದ ಹಿಂದಿನ ಮಾದರಿಯನ್ನು ತಂಗಿಯ ಕೈಯ ಪಕ್ಕದಲ್ಲಿ ಹಿಡಿದರು. ಕಿಟಕಿಯ ಹತ್ತಿರ ಸರಿದು ನೋಡಿದರು, ನೆರಳಿಗೆ ಬಂದು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಪೆನ್ನು ತೆಗೆದು ಒಪ್ಪಿಗೆಯ ಚೀಟಿಗೆ ಸಹಿ ಹಾಕಿ, ಯಜಮಾನರಿಗೆ ಕೊಡದೆ ನೇರವಾಗಿ ಅವಳ ಕೈಗೇ ಕೊಟ್ಟರು.

ಯಜಮಾನರು ಕನ್ನಡಕ ಹಾಕಿಕೊಂಡರು. "ಯಾವಾಗ ಬರ್ತೀರಿ ಅಕ್ಕಾ ಕೆಲಸಕ್ಕೆ?"

"ಡಾಕ್ಟರಮ್ಮ ಬಿಟ್ಟ ದಿನ. ಅಲ್ಲೀವರೆಗೆ ಆ ಕುರ್ಚಿ ಮೇಲೆ ಯಾರಾದ್ರೂ ಕೂತರೆ ನಾನು ಸುಮ್ಮನಿರಲ್ಲ," ಎಂದಳು. ಅವಳು ಸುಮ್ಮನಿರುವುದಿಲ್ಲ ಎಂಬುದರಲ್ಲಿ ಅಲ್ಲಿದ್ದ ಯಾರಿಗೂ ಸಂಶಯವಿರಲಿಲ್ಲ.

ಎಲ್ಲರೂ ಹೋದಮೇಲೆ ತಂಗಿ ಇನ್ನೂ ಕೈ ಚಾಚಿಕೊಂಡೇ ಕೂತಿದ್ದಳು. ಬಣ್ಣದಕ್ಕ ಡಬ್ಬದ ಮುಚ್ಚಳ ಹಾಕುತ್ತಾ, ಅವಳ ಮುಖ ನೋಡದೆ ಹೇಳಿದ್ದು ಇಷ್ಟು.

"ಇದು ನನ್ನ ಬಣ್ಣ ಅಂತ ಇಷ್ಟು ವರ್ಷ ಮೆರೆದೆ ಕಣೇ. ನಂದೂ ಅಲ್ಲ, ನಿಂದೂ ಅಲ್ಲ. ಅಮ್ಮನದು. ಅಮ್ಮನ ಕೈ ಹೀಗೇ ಇತ್ತು, ಜ್ಞಾಪಕ ಇದೆಯಾ? ಇಪ್ಪತ್ತೆರಡು ವರ್ಷದಿಂದ ಎಲ್ಲೆಲ್ಲೋ ಯಾರ್ಯಾರೋ ಗಾಯ ಮಾಡ್ಕೊಂಡಾಗ ಅಮ್ಮನ ಬಣ್ಣದ ಡಬ್ಬಿ ತೆಗೀತಿದಾರೆ. ಅವಳು ರೋಗ ಒಂದೇ ಬಿಟ್ಟು ಹೋದಳು ಅಂತ ಇನ್ನೊಂದು ಸಲ ಅನ್ಬೇಡ."

ತಂಗಿ ಕಿಟಕಿಯ ಕಡೆ ತಿರುಗಿ ತನ್ನ ಕೈಯನ್ನೇ ನೋಡುತ್ತಾ ಕೂತಳು. ನರ್ಸ್ ಬಂದು ಸ್ಪಿರಿಟ್ ಹತ್ತಿ ತರಲೇ ಎಂದು ಕೇಳಿದರೂ ಬೇಡವೆಂದಳು. ಆ ದಿನ ಸಂಜೆಯವರೆಗೂ ಅವಳು ಕೈ ತೊಳೆಯಲಿಲ್ಲ.